ಗಾಳಿಗೂ ಬಂದ ನೀರಿನ ಬಿಲ್

ಸಂತೋಷ ಹೆಚ್ಚಾದರೆ ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ. ಈಗಲೂ ಹಾಗೇ ಆಗಿದೆ. ಬೆಳಗ್ಗೆ ಒಲೆಯ ಮುಂದೆ ನಿಂತೇ ಹಾಲು ಉಕ್ಕಿಸಿದೆ. ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕಿದೆ. ಸೊಸೆ ಸೌಟು ಕಸಿದುಕೊಂಡು, "ಅತ್ತೆ, ನೀವು ಜಗಲಿ ಮೇಲೆ ಹೋಗಿ ಕೂತ್ಕಣಿ, ಇಲ್ದಿದ್ರೆ ಇವತ್ತು ಊಟವೇ ಇಲ್ಲ" ಎಂದು ಅಟ್ಟಿಬಿಟ್ಟಳು. ಸುಮ್ಮನೆ ಕೂತು ಮಾಡುವುದೇನು? ಬರೆಯೋಣ ಎನಿಸಿತು. ನಾನು ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು. ಆದರೂ ಬರೆಯುತ್ತೇನೆ. ನನ್ನ ಸಂತೋಷವನ್ನು ಹೇಳಬೇಕೆಂದರೆ ನೀರಿನ ಬಿಲ್ಲಿನಿಂದಲೇ ಶುರು ಮಾಡಬೇಕು, ಬೇರೆ ದಾರಿಯಿಲ್ಲ.

ನಮ್ಮದು ಭಟ್ಕಳ ತಾಲೂಕಿನ ಬೆಳಕೆ. ಕೇರಿಯ ಕಟ್ಟಕಡೆಯ ಮನೆ ನಮ್ಮದು, ಹಿಂದೆ ಗುಡ್ಡ, ಮುಂದೆ ಮಲ್ಲಿಗೆ ಗಿಡ. ಮಗ ಮೀನಿನ ಬೋಟಿನಲ್ಲಿ ಕೆಲಸಕ್ಕೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಮನೆಯಲ್ಲಿ ಇರುವವರು ನಾನು, ಸೊಸೆ, ಮೊಮ್ಮಗ. ನಾವು ಮೊಗ್ಗು ಕೊಯ್ದು ದಂಡೆ ಕಟ್ಟಿ ಭಟ್ಕಳದ ಪೇಟೆಗೆ ಕಳಿಸುತ್ತೇವೆ.

ಮನೆಯ ಹಿಂದಿನ ಬಾವಿ ಒಂದು ಕಾಲಕ್ಕೆ ನಮ್ಮದೇ ಆಗಿತ್ತು. ಕಡು ಬೇಸಿಗೆಯಲ್ಲೂ ಬತ್ತದ ಬಾವಿ. ನನ್ನ ಅತ್ತೆ ಅದರಿಂದ ನೀರು ಸೇದುವಾಗ ಮೂಗಿನಲ್ಲೇ ಒಂದು ರಾಗ ಎಳೆಯುತ್ತಿದ್ದರು. ಪದ ಇಲ್ಲ, ಬರೀ ರಾಗ. ಹಗ್ಗ ಎಳೆದಾಗ ಮೇಲೆ ಹೋಗುವುದು, ಕೈ ಬದಲಿಸುವಾಗ ಒಂದು ಗಳಿಗೆ ನಿಲ್ಲುವುದು, ಮತ್ತೆ ಎಳೆದಾಗ ಮತ್ತೆ ಮೇಲೆ, ಕೊಡಪಾನ ಕಟ್ಟೆಗೆ ಬಂದಾಗ ಕೆಳಗೆ ಇಳಿದು ಮುಗಿಯುವುದು. ನಾನು ಹೊಸ ಸೊಸೆಯಾಗಿ ಬಂದಾಗ ಆ ದನಿ ಕೇಳಿದರೆ ಸಾಕು, ಎದ್ದು ಕೂರುತ್ತಿದ್ದೆ. ಅವರು ತೀರಿಕೊಂಡ ಮೇಲೆ ಪಂಚಾಯತದವರು ಊರಿನ ನೀರಿಗೆಂದು ಬಾವಿ ಕೇಳಿದರು, ನನ್ನ ಯಜಮಾನರು ಕೊಟ್ಟರು. ರಾಟೆ ತೆಗೆದರು, ಬಾವಿಯ ಬಾಯಿಗೆ ಕಬ್ಬಿಣದ ತಗಡು ಹೊದೆಸಿದರು, ಪಂಪು ಕೂರಿಸಿದರು. ನೀರು ಗುಡ್ಡದ ಮೇಲಿನ ಟಾಂಕಿಗೆ ಹೋಗಿ, ಅಲ್ಲಿಂದ ಪೈಪಿನಲ್ಲಿ ಇಳಿದು ಮನೆ ಮನೆಗೆ ಬರುತ್ತದೆ. ಬಾವಿ ಕೊಟ್ಟ ಮನೆಯವಳು ಎಂಬ ಒಂದೇ ಕಾರಣಕ್ಕೆ ನನ್ನನ್ನು ನೀರಿನ ಸಮಿತಿಗೂ ಸೇರಿಸಿದರು. ಸಭೆಗೆ ಹೋಗುವುದು, ಚಾ ಕುಡಿಯುವುದು, ಸಹಿ ಹಾಕುವುದು. ಅಷ್ಟೇ ಎಂದುಕೊಂಡಿದ್ದೆ.

ಇನ್ನು ನನ್ನ ಮೊಮ್ಮಗ. ನಾಲ್ಕು ವರ್ಷ ತುಂಬುತ್ತ ಬಂದರೂ ಅವನ ಬಾಯಿಂದ ಒಂದು ಮಾತು ಬಂದಿರಲಿಲ್ಲ. ಅಮ್ಮ ಎನ್ನಲಿಲ್ಲ, ಅಜ್ಜಿ ಎನ್ನಲಿಲ್ಲ. ಬಿದ್ದರೆ ಅಳುವುದಕ್ಕೂ ದನಿ ಇಲ್ಲ, ಕಣ್ಣಲ್ಲಿ ನೀರು ಮಾತ್ರ. ಹೊನ್ನಾವರದಲ್ಲಿ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಅವರು ಕುಮಟೆಗೆ ಕಳಿಸಿದರು, ಅಲ್ಲಿ ಕಿವಿ ಪರೀಕ್ಷೆ ಆಯಿತು. ಕಿವಿ ಸರಿ ಇದೆ, ಬುದ್ಧಿ ಚುರುಕಾಗಿದೆ, ಮಾತಾಡಿಸುತ್ತಾ ಇರಿ, ಕಾಯಿರಿ ಎಂದರು. ನಾನು ಬಜೆ ತೇಯ್ದು ನಾಲಿಗೆಗೆ ಸವರಿದೆ. ಸೊಸೆ ಮಾತಾಡಿಸಿ ಮಾತಾಡಿಸಿ ಸೋತಳು. ಒಂದು ದಿನ ಮಲ್ಲಿಗೆ ಕಟ್ಟುತ್ತಾ ಕೂತವಳು ಬಾಳೆನಾರು ಕೈಯಲ್ಲಿ ಹಿಡಿದೇ ಕೇಳಿದಳು, "ಅತ್ತೆ, ಅವನ ದನಿ ಹ್ಯಾಂಗಿರ್ತದೆ ಅಂತ ನನಗೆ ಗೊತ್ತಾಗುದೇ ಇಲ್ವನಾ?" ನಾನು ಮೊಗ್ಗು ಎಣಿಸುವ ಹಾಗೆ ಮಾಡಿ ತಲೆ ತಗ್ಗಿಸಿದೆ.

ನಮ್ಮ ಕೇರಿಯಲ್ಲಿ ಒಂದು ರೂಢಿ ಇದೆ. ನೀರು ಬಿಡುವುದು ಸಂಜೆ, ಆದರೆ ಇಂಥ ಹೊತ್ತಿಗೇ ಎಂದು ಇಲ್ಲ. ಕರೆಂಟು ಇರಬೇಕು, ಟಾಂಕಿ ತುಂಬಿರಬೇಕು. ಹಾಗಾಗಿ ಎಲ್ಲರೂ ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟು, ಕೆಳಗೆ ಕೊಡಪಾನ ಇಟ್ಟು, ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ. ನೀರು ಬರುವ ಮೊದಲು ನಲ್ಲಿ ಉಸಿರುಬಿಡುತ್ತದೆ. ಆ ಸದ್ದು ಕೇಳಿದರೆ ನೀರು ಬಂತೆಂದೇ ಅರ್ಥ, ಓಡಿ ಬರಬೇಕು. ನಮ್ಮದು ಕಡೆಯ ಮನೆ, ಎತ್ತರದ ಮನೆ, ಅದಕ್ಕೇ ನಮ್ಮ ನಲ್ಲಿಯ ಉಸಿರು ಎಲ್ಲರಿಗಿಂತ ಉದ್ದ.

ಹೊತ್ತು ಮುಳುಗುತ್ತಿದ್ದ ಹಾಗೆ ಮೊಮ್ಮಗ ಆಟ ಬಿಟ್ಟು ನಲ್ಲಿಯ ಬುಡಕ್ಕೆ ಹೋಗಿ ಕೂರುತ್ತಿದ್ದ. ಕರೆದರೆ ಬರುತ್ತಿರಲಿಲ್ಲ. ಪೈಪಿಗೆ ಕೆನ್ನೆ ಒತ್ತಿ ಹಿಡಿದು ಕಾಯುತ್ತಿದ್ದ. ಮಕ್ಕಳ ಹುಚ್ಚು ಎಂದು ನಾನೂ ಬಿಟ್ಟಿದ್ದೆ. ಒಂದು ಸಂಜೆ ದೀಪ ಹಚ್ಚಿ, ಅವನ ಕಾಲಿಗೆ ಸೊಳ್ಳೆ ಕಚ್ಚುತ್ತದೆ ಎಂದು ಹತ್ತಿರ ಹೋಗಿ ಕೂತೆ. ಗಾಳಿ ಇರಲಿಲ್ಲ, ಮಲ್ಲಿಗೆಯ ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಪೈಪಿನೊಳಗೆ ದೂರದಲ್ಲಿ ಯಾರೋ ನಿಟ್ಟುಸಿರು ಬಿಟ್ಟ ಹಾಗಾಯಿತು. ಆಮೇಲೆ ಅದು ಹತ್ತಿರ ಬಂತು. ನಲ್ಲಿಯ ಬಾಯಿಂದ ತಣ್ಣನೆಯ ಉಸಿರು ನನ್ನ ಮೊಣಕಾಲಿಗೆ ತಾಗಿತು. ಅದು ದನಿಯಾಯಿತು. ಮೇಲೆ ಹೋಯಿತು, ಒಂದು ಗಳಿಗೆ ನಿಂತಿತು, ಮತ್ತೆ ಮೇಲೆ ಹೋಯಿತು, ಕೆಳಗೆ ಇಳಿಯಿತು.

ಅದು ನನ್ನ ಅತ್ತೆಯ ರಾಗ. ಹಗ್ಗ ಎಳೆದು ಕೈ ಬದಲಿಸುವಾಗಿನ ಆ ನಿಲುಗಡೆಯೂ ಅಲ್ಲೇ ಇತ್ತು.

ಮೊಮ್ಮಗನ ಮುಖ ನೋಡಿದೆ. ಅವನ ತುಟಿ ಮುಚ್ಚಿತ್ತು, ಆದರೆ ಗಂಟಲು ಅಲುಗುತ್ತಿತ್ತು. ಬೆರಳು ಇಟ್ಟು ನೋಡಿದೆ. ಸಣ್ಣಗೆ ನಡುಗುತ್ತಿತ್ತು, ಹಾಲು ಕುಡಿದ ಬೆಕ್ಕಿನ ಮರಿಯ ಎದೆಯ ಹಾಗೆ. ಅವನು ಒಳಗೊಳಗೇ ಅದರ ಜೊತೆಗೆ ಎಳೆಯುತ್ತಿದ್ದ. ನೀರು ದಬಕ್ಕನೆ ಬಿದ್ದದ್ದೇ ತಡ, ದನಿ ನಿಂತಿತು. ಅವನ ಗಂಟಲೂ ನಿಂತಿತು. ಎದ್ದು ಒಳಗೆ ಹೋಗಿ ಅನ್ನದ ಮುಂದೆ ಕೂತ.

ಸೊಸೆಗೆ ಹೇಳಿದೆ. ಅವಳೂ ಮರುದಿನ ಬಂದು ಅವನ ಗಂಟಲಿಗೆ ಬೆರಳಿಟ್ಟಳು, ಅತ್ತಳು, ನಕ್ಕಳು. ರಾಗದ ವಿಷಯ ಹೇಳಿದ್ದಕ್ಕೆ ಮಾತ್ರ, "ಅದು ನೀವೇ ಪಾತ್ರೆ ತೊಳಿವಾಗ ಎಳಿತ್ರಿ ಅತ್ತೆ, ನಿಮಗೆ ಗೊತ್ತಾಗುದಿಲ್ಲ" ಎಂದಳು. ಇರಬಹುದು. ನಾನು ಎಳೆಯುವುದು ನನಗೆ ಗೊತ್ತಿಲ್ಲ. ಆದರೆ ಅವತ್ತಿನಿಂದ ನಮ್ಮ ಮನೆಯಲ್ಲಿ ನಲ್ಲಿಯನ್ನು ಯಾರೂ ಮುಚ್ಚಲಿಲ್ಲ, ಹಗಲೂ ಮುಚ್ಚಲಿಲ್ಲ. ಎಲ್ಲಿ ಒಂದು ಉಸಿರು ತಪ್ಪಿಹೋಗುತ್ತದೋ ಎಂದು.

ಅದೇ ಸಮಯಕ್ಕೆ ಪಂಚಾಯತದವರು ಮನೆ ಮನೆಯ ನಲ್ಲಿಗೆ ಮೀಟರ್ ಕೂರಿಸಿದ್ದರು. ಮೊದಲು ಎಲ್ಲ ಮನೆಗೂ ತಿಂಗಳಿಗೆ ಒಂದೇ ಕರ ಇತ್ತು. ಪಂಪಿನ ಕರೆಂಟಿಗೂ ನೀರು ಬಿಡುವವನ ಸಂಬಳಕ್ಕೂ ಅದು ಸಾಲುತ್ತಿರಲಿಲ್ಲ. ಬಳಸಿದಷ್ಟಕ್ಕೆ ಕೊಡಿ ಎಂದು ಸಭೆಯಲ್ಲಿ ಠರಾವು ಆಯಿತು, ನಾನೂ ಕೈ ಎತ್ತಿದ್ದೆ. ಮೊದಲ ಬಿಲ್ ಬಂತು. ಕೇರಿಯಲ್ಲೆಲ್ಲ ನಮ್ಮ ಮನೆಯದೇ ದೊಡ್ಡದು.

ಬಿಲ್ ಬಂದ ಬೆನ್ನಿಗೇ ಪಕ್ಕದ ಮನೆಯವನು ಬಂದ. ಅವನದೂ ಮಲ್ಲಿಗೆ ತೋಟ, ನನಗೆ ದೂರದಲ್ಲಿ ತಮ್ಮನಾಗಬೇಕು. ಬಾಗಿಲಲ್ಲೇ ನಿಂತು, "ಅಕ್ಕ, ಮಲ್ಲಿಗೆ ಲಾಯ್ಕ ಬಂದದ್ಯೆ ಕಾಣ್ತದೆ?" ಎಂದ.

"ಬಂದದೆ. ಅದಕ್ಕೆಂತ?"

"ಎಂತ ಇಲ್ಲ. ಕುಡಿಯೂ ನೀರು ಹಾಕಿದ್ರೆ ಮೊಗ್ಗು ದಪ್ಪ ಬತ್ತದೆ ಅಂತ ಕೇಳಿದ್ದೆ. ಸಮಿತಿಯವರಾದ್ರೆ ಕೇಳುವವರೂ ಇಲ್ಲ ಅಲ್ದ?"

ನನಗೆ ಮೈಯೆಲ್ಲ ಉರಿಯಿತು. "ಮಲ್ಲಿಗೆಗೆ ಸ್ನಾನದ ನೀರು ಹೋಗುದು, ಬಂದು ಕಾಣು. ನಿನ್ನ ಬಿಲ್ ಎಷ್ಟು ಬಂದದೆ ಹೇಳು ಮೊದ್ಲು."

ಅವನದೂ ಜಾಸ್ತಿಯೇ ಬಂದಿತ್ತು. ಅದನ್ನು ಹೇಳಲು ನಾಚಿಕೊಂಡು ತಲೆ ಕೆರೆದ. ಆದರೆ ಊರಿನ ಬಾಯಿ ಅಷ್ಟಕ್ಕೆ ನಿಲ್ಲುತ್ತದೆಯೇ? ಪೇಟೆಗೆ ಹೂವು ಕೊಡಲು ಹೋದರೆ, ಬಸ್ಸಿಗೆ ಕಾಯುತ್ತ ನಿಂತರೆ, ನನ್ನ ಬೆನ್ನ ಹಿಂದೆ ಮಲ್ಲಿಗೆಯ ಮಾತು.

ಅವತ್ತು ಸಂಜೆ ಮೊಮ್ಮಗನ ಪಕ್ಕ ಕೂತಾಗ ಬ್ಯಾಟರಿ ಹಿಡಿದು ಮೀಟರ್ ನೋಡಿದೆ. ಕೊಡಪಾನ ಒಣಗಿತ್ತು, ತಳದಲ್ಲಿ ಒಂದು ಇರುವೆ ಓಡಾಡುತ್ತಿತ್ತು. ನಲ್ಲಿ ರಾಗ ಎಳೆಯುತ್ತಿತ್ತು. ಮೀಟರಿನ ಗಾಜಿನೊಳಗೆ ಸಣ್ಣ ಕೆಂಪು ಚಕ್ರ ಕಣ್ಣಿಗೆ ಕಾಣದ ಹಾಗೆ ಗಿರಗಿರ ತಿರುಗುತ್ತಿತ್ತು. ಒಂದು ಹನಿ ನೀರಿಲ್ಲ. ಯಾರೋ ಕುಡಿಯುತ್ತಿದ್ದಾರೆ, ನಮಗೆ ಕಾಣುತ್ತಿಲ್ಲ, ಲೆಕ್ಕ ಮಾತ್ರ ನಮ್ಮ ಹೆಸರಿಗೆ ಬೀಳುತ್ತಿದೆ ಎಂದು ಅನ್ನಿಸಿ ಹೆದರಿ ಎದ್ದುಬಿಟ್ಟೆ. ಮೊಮ್ಮಗ ನನ್ನ ಸೀರೆ ಹಿಡಿದು ಎಳೆದು ಕೂರಿಸಿದ. ಅವನಿಗೆ ಹೆದರಿಕೆಯೇ ಇರಲಿಲ್ಲ.

ಪಂಚಾಯತದ ಪಿಡಿಓ ಒಬ್ಬ ಹುಡುಗಿ, ಘಟ್ಟದ ಮೇಲಿನವಳು. ಅವಳಿಗೆ ಹೇಳಿದೆ. "ಒಂದ್ಸಲ ಬಂದು ನೋಡ್ತೀನಿ ಅಮ್ಮ" ಎಂದಳು, ಹೇಳಿದಂತೆ ಬಂದಳು. ಕತ್ತಲಾಗುತ್ತಿತ್ತು. ನಾವು ಮೂವರೂ ಸುಮ್ಮನೆ ಕೂತೆವು, ಮೊಮ್ಮಗ ಪೈಪಿಗೆ ಕೆನ್ನೆ ಕೊಟ್ಟು. ಉಸಿರು ಬಂತು, ರಾಗ ಬಂತು, ಮೀಟರ್ ತಿರುಗಿತು. ಪಿಡಿಓ ಮೊಬೈಲಿನ ಬೆಳಕು ಹಿಡಿದು ನೋಡಿ, "ಗಾಳಿ ಅಮ್ಮ, ಬರೀ ಗಾಳಿ. ಖಾಲಿ ಪೈಪಲ್ಲಿ ತುಂಬಿರುತ್ತೆ. ನೀರು ಹಿಂದಿಂದ ತಳ್ಳುತ್ತೆ. ನೀವೆಲ್ಲ ನಲ್ಲಿ ತೆಗೆದಿಡ್ತೀರಲ್ಲ, ಮೀಟರಿಗೆ ಗಾಳಿ ಯಾವ್ದು ನೀರು ಯಾವ್ದು ಗೊತ್ತಾಗಲ್ಲ" ಎಂದಳು. ಹೇಳುವಾಗ ದನಿ ಗಟ್ಟಿಯೇ ಇತ್ತು. ಆದರೆ ಚಪ್ಪಲಿ ಹಾಕಿಕೊಳ್ಳದೆ ಕೈಯಲ್ಲಿ ಹಿಡಿದುಕೊಂಡು ಅಂಗಳ ದಾಟಿದಳು. ಬೇಲಿಯ ದಣಪೆಯ ಹತ್ತಿರ ನಿಂತು ಕೇಳಿದಳು: "ಅಮ್ಮ, ಈ ಮಗು ಯಾವಾಗ್ಲೂ ಹೀಗೇ ಕೂರುತ್ತಾ?"

ಸಮಿತಿಯ ಸಭೆ ಕರೆದರು. ಪಿಡಿಓ ಖರ್ಚು ಓದಿದಳು. ಪಂಪಿನ ಕರೆಂಟ್, ಸಂಬಳ, ಮೋಟಾರು ಸುಟ್ಟದ್ದರ ರಿಪೇರಿ, ನೀರಿಗೆ ಹಾಕುವ ಪುಡಿ. ಉಳಿದದ್ದು ಸ್ವಲ್ಪ. ಆಮೇಲೆ ವಾಲ್ವಿನ ಮಾತು ತೆಗೆದಳು. ಗುಡ್ಡದ ಇಳಿಜಾರಿನಲ್ಲಿ, ಪೈಪು ಎತ್ತರಕ್ಕೆ ಏರುವ ಕಡೆ, ಗಾಳಿ ಹೊರಗೆ ಬಿಡುವ ವಾಲ್ವ್ ಒಂದನ್ನು ಹಾಕಿದರೆ ಗಾಳಿ ಅಲ್ಲೇ ಹೋಗಿಬಿಡುತ್ತದೆ, ಮನೆಗಳಿಗೆ ಬರೀ ನೀರು ಬರುತ್ತದೆ, ಬಿಲ್ ಸರಿಯಾಗುತ್ತದೆ. "ಆದ್ರೆ ಈ ವರ್ಷದ ಬಜೆಟ್ಟಲ್ಲಿ ಇದಕ್ಕೆ ದುಡ್ಡಿಟ್ಟಿಲ್ಲ. ಯಾವುದಾದ್ರೂ ಒಂದು ಖರ್ಚು ಬಿಡಬೇಕು."

ಪಕ್ಕದ ಮನೆಯವನು ಎದ್ದು ನಿಂತ. "ಮೇಡಂ, ನಮ್ಮನೆ ಬಿಲ್ಲಲ್ಲಿ ಗಾಳಿಗೆ ಎಷ್ಟು, ನೀರಿಗೆ ಎಷ್ಟು, ಬೇರೆ ಬೇರೆ ಬರ್ದು ಕೊಡಿ. ಗಾಳಿ ನಾನು ಹ್ಯಾಂಗಾರೂ ಮಾಡಿ ವಾಪಸ್ ಕೊಡ್ತೆ." ಸಭೆಯೆಲ್ಲ ನಕ್ಕಿತು. ಅವನು ನನ್ನ ಕಡೆ ನೋಡಿ ಕೈ ಮುಗಿದ. "ಅಕ್ಕ, ಮಲ್ಲಿಗೆ ಮಾತು ಹೊಟ್ಟೆಗೆ ಹಾಕ್ಕಣಿ."

ಬಿಡುವಂಥ ಖರ್ಚು ಒಂದಿತ್ತು. ಟಾಂಕಿಗೆ ಬಣ್ಣ ಬಳಿಸಿ ಸಮಿತಿಯವರೆಲ್ಲರ ಹೆಸರು ಬರೆಸುವುದು. ನನ್ನ ಹೆಸರು ಗುಡ್ಡದ ಮೇಲೆ ನೀಲಿ ಅಕ್ಷರದಲ್ಲಿ ಬರುತ್ತದೆಂದು ನಾನು ಮಗನಿಗೆ ಫೋನಿನಲ್ಲಿ ಹೇಳಿಯೂ ಆಗಿತ್ತು. ಅದು ಹೋದರೆ ಹೋಗಲಿ. ನನ್ನ ಚಿಂತೆ ಬೇರೆಯದು. ವಾಲ್ವ್ ಹಾಕಿದರೆ ನಲ್ಲಿಗೆ ಉಸಿರಿಲ್ಲ. ಉಸಿರಿಲ್ಲದಿದ್ದರೆ ನನ್ನ ಮೊಮ್ಮಗನ ಗಂಟಲು ಇನ್ಯಾವುದಕ್ಕೆ ಅಲುಗುತ್ತದೆ? ಹುಟ್ಟಿದಾಗಿನಿಂದ ಅವನೊಳಗಿಂದ ಬಂದದ್ದು ಅದೊಂದೇ.

ಎಲ್ಲರೂ ಒಪ್ಪಿದರು. ಪಿಡಿಓ ನನ್ನ ಮುಖ ನೋಡುತ್ತಿದ್ದಳು. ಕೂಲಿಗೆ ಹೋಗಿ ಮಕ್ಕಳನ್ನು ಸಾಕುವ ಹೆಂಗಸೊಬ್ಬಳು ಮೂಲೆಯಲ್ಲಿ ಕೂತಿದ್ದಳು, ಮಡಚಿದ ಬಿಲ್ಲನ್ನು ಸೆರಗಿನ ತುದಿಗೆ ಕಟ್ಟಿಕೊಂಡು. ಅವಳ ಕಡೆ ನೋಡಿದೆ. "ಆತು" ಎಂದೆ. ಸಹಿ ಹಾಕಿದೆ.

ಆ ತಿಂಗಳ ಮೀಟರ್ ಲೆಕ್ಕ ಬಿಟ್ಟು ಹಳೆಯ ಕರವನ್ನೇ ತೆಗೆದುಕೊಳ್ಳುವುದೆಂದೂ ಠರಾವಾಯಿತು. ಸ್ವಲ್ಪ ದಿನಕ್ಕೆ ವಾಲ್ವ್ ಬಂತು. ಗುಡ್ಡದ ಮೇಲೆ ಪೈಪು ಕೊಯ್ದು ಕೂರಿಸಿ, ಸುತ್ತ ಇಟ್ಟಿಗೆ ಕಟ್ಟಿ, ಮೇಲೆ ಕಿಂಡಿಯಿರುವ ಕಬ್ಬಿಣದ ಮುಚ್ಚಳ ಹಾಕಿದರು.

ಅವತ್ತು ಸಂಜೆ ಮೊಮ್ಮಗ ಎಂದಿನಂತೆ ಕೂತ. ಕಾದ. ಪೈಪಿನೊಳಗೆ ಏನೂ ಇಲ್ಲ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮೊದಲಿನ ದನಿಗೆ ಹೆದರಿದ್ದೆ ನಿಜ, ಆದರೆ ಈ ಮೌನ ಅದಕ್ಕಿಂತ ಹೆಚ್ಚು ಹೆದರಿಸಿತು. ಸತ್ತವರ ಬಾಯಿಯ ಹಾಗೆ ನಲ್ಲಿ ತೆರೆದುಕೊಂಡಿತ್ತು. ಸದ್ದೇ ಇಲ್ಲದೆ ಒಮ್ಮೆಲೇ ನೀರು ಬಿತ್ತು. ಮೊಮ್ಮಗ ಬೆಚ್ಚಿಬಿದ್ದು ನಲ್ಲಿಗೆ ಕೈ ಒಡ್ಡಿದ, ಪೈಪು ತಟ್ಟಿದ, ಸುತ್ತ ಬಂದು ಹುಡುಕಿದ. ಅವತ್ತು ಊಟ ಮಾಡಲಿಲ್ಲ. ಮರುದಿನವೂ ಕೂತ, ಅದರ ಮರುದಿನವೂ. ಸೊಸೆ ನನ್ನ ಹತ್ತಿರ ಮಾತು ಬಿಟ್ಟಳು. ಕಡೆಗೆ ಒಂದೇ ಒಂದು ಮಾತು ಹೇಳಿದಳು, "ಊರಿಗೆಲ್ಲ ಒಳ್ಳೇದಾತು ಅತ್ತೆ." ಬೈದಿದ್ದರೆ ಚೆನ್ನಾಗಿತ್ತು.

ಊರಿನಲ್ಲೂ ಬೇರೆ ಫಜೀತಿ. ನಲ್ಲಿ ಉಸಿರುಬಿಡದೆ ನೀರು ಬಂದದ್ದು ಯಾರಿಗೂ ಗೊತ್ತಾಗದು. ತೆರೆದಿಟ್ಟವರ ಕೊಡಪಾನ ತುಂಬಿ ಅಂಗಳವೆಲ್ಲ ಹೊಳೆ. ಮುಚ್ಚಿಟ್ಟವರಿಗೆ ನೀರೇ ಇಲ್ಲ. ಪಕ್ಕದ ಮನೆಯವನ ಹೆಂಡತಿ ಬೇಲಿಯಾಚೆಯಿಂದ ಕೂಗುತ್ತಿದ್ದಳು, "ಅತ್ತಿಗೆ, ಬಂತನೇ?" ನಾನು, "ಇಲ್ಲವೇ" ಎನ್ನುವಷ್ಟರಲ್ಲಿ ಬಂದು ಹೋಗಿರುತ್ತಿತ್ತು.

ಆಮೇಲೆ ಆ ಸಂಜೆ. ನಾನು ಒಳಗೆ ಮೀನು ಹೆಚ್ಚುತ್ತಿದ್ದೆ. ಸೊಸೆ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಅಂಗಳದಿಂದ ರಾಗ ಕೇಳಿಸಿತು. ಮೇಲೆ ಹೋಯಿತು, ನಿಂತಿತು, ಮತ್ತೆ ಮೇಲೆ ಹೋಯಿತು. ವಾಲ್ವ್ ಇಷ್ಟು ಬೇಗ ಹಾಳಾಯಿತೇ ಎಂದು ನನಗೆ ಮೊದಲು ಅನ್ನಿಸಿತು, ಸಮಿತಿಯವಳಲ್ಲವೇ. ಕೈ ತೊಳೆಯದೆ ಹೊರಗೆ ಬಂದೆ. ಈ ಸಲದ ರಾಗ ತೆಳ್ಳಗಿತ್ತು, ಬೆಚ್ಚಗಿತ್ತು. ಮೊಮ್ಮಗ ನಲ್ಲಿಯ ಬಾಯಿಗೆ ತನ್ನ ಬಾಯಿ ಹತ್ತಿರ ಇಟ್ಟು, ಅದಕ್ಕೆ ಕಲಿಸುವವನ ಹಾಗೆ ಎಳೆಯುತ್ತಿದ್ದ. ನಲ್ಲಿ ಸುಮ್ಮನಿತ್ತು. ದನಿ ಅವನದು. ಬಾಯಿ ತೆರೆದಿತ್ತು.

ನನಗೆ ಮುಂದೆ ಹೆಜ್ಜೆ ಇಡಲಾಗಲಿಲ್ಲ. ಹೆಜ್ಜೆ ಇಟ್ಟರೆ ಎಲ್ಲಿ ನಿಂತುಬಿಡುತ್ತದೋ ಎಂದು. ರಾಗ ಕೆಳಗೆ ಇಳಿದು ಮುಗಿಯುವುದಕ್ಕೂ ನೀರು ಅವನ ಮುಖಕ್ಕೆ ಬೀಳುವುದಕ್ಕೂ ಸರಿಯಾಯಿತು. ಮೂಗು ಬಾಯಿಗೆಲ್ಲ ನೀರು. ಅವನು ಹಿಂದೆ ಸರಿದು ನನ್ನನ್ನು ನೋಡಿದ. ಕೊಡಪಾನ ನೋಡಿದ. ಮತ್ತೆ ನನ್ನನ್ನು ನೋಡಿ ಹೇಳಿದ:

"ಅಜ್ಜೀ, ಬಂತು."

ಬಟ್ಟೆಯ ರಾಶಿ ಅಂಗಳಕ್ಕೆ ಬಿದ್ದ ಸದ್ದು ಕೇಳಿತು. ಸೊಸೆ ಬಂದು ಮಗನನ್ನು ಹಾಗೇ ಒದ್ದೆಯಲ್ಲೇ ಬಾಚಿಕೊಂಡಳು. "ಎಂತ ಹೇಳಿದೆ ಮಗಾ? ಮತ್ತೊಂದ್ಸಲ ಹೇಳು, ಎಂತ ಬಂತು?" ಅವನಿಗೆ ಅವಸರ. ಅವಳ ಹೆಗಲ ಮೇಲಿಂದ ಬೇಲಿಯ ಕಡೆ ತಿರುಗಿ ಕೂಗಿದ, "ನೀರು ಬಂತೂ!" ಆಚೆ ಮನೆಯಲ್ಲಿ ನಲ್ಲಿ ತಿರುಗಿಸಿದ ಸದ್ದು. ಪಕ್ಕದ ಮನೆಯವನು, "ಯಾರದು ಕೂಗಿದ್ದು?" ಎಂದು ಓಡಿ ಬಂದವನು ಕಟ್ಟೆಯ ಮೇಲೆ ಕೂತು ಕಣ್ಣು ಒರೆಸಿಕೊಂಡ.

ಈಗ ಕೇರಿಗೆಲ್ಲ ನೀರು ಬಂದದ್ದನ್ನು ಹೇಳುವವನು ನನ್ನ ಮೊಮ್ಮಗನೇ. ಅವನು ಕೂಗಿದ ಮೇಲೆ ಒಂದೊಂದೇ ಮನೆಯ ನಲ್ಲಿ ತೆರೆಯುತ್ತದೆ. ಬಿಲ್ ಎಲ್ಲರಿಗೂ ಇಳಿದಿದೆ. ಪಿಡಿಓ ಬಂದಾಗ, "ಇವನಿಗೂ ಒಂದು ಸಂಬಳ ಬಜೆಟ್ಟಲ್ಲಿ ಇಡ್ಬೇಕಾಯ್ತಲ್ಲ ಅಮ್ಮ" ಎಂದು ನಕ್ಕಳು. ಮಗ ಬೋಟಿನಿಂದ ಫೋನು ಮಾಡಿದರೆ ಮೊಮ್ಮಗನದೇ ಮಾತು, ನಮಗೆ ಫೋನು ಕೊಡುವುದೇ ಇಲ್ಲ. ನಾನು ಹಾಲು ಉಕ್ಕಿಸದೆ ಇನ್ನೇನು ಮಾಡಲಿ?

ಆದರೆ ನಿನ್ನೆ ನಡೆದದ್ದನ್ನೂ ಬರೆದುಬಿಡುತ್ತೇನೆ. ಹೊತ್ತು ಇಳಿಯುವಾಗ ಅವನು ನನ್ನ ಬೆರಳು ಹಿಡಿದು, "ಬಾ ಅಜ್ಜಿ, ದೊಡ್ಡಜ್ಜಿ ಕಡಿಗೆ ಹೋಪ" ಎಂದ. ಯಾವ ದೊಡ್ಡಜ್ಜಿ ಎಂದರೆ ಗುಡ್ಡದ ಕಡೆ ಕೈ ತೋರಿಸಿದ. ನಾನು ಅವನಿಗೆ ನನ್ನ ಅತ್ತೆಯ ವಿಷಯ ಹೇಳಿಲ್ಲ. ಸೊಸೆಯೂ ಹೇಳಿಲ್ಲವೆಂದು ಆಣೆ ಹಾಕುತ್ತಾಳೆ. ಅವನು ನನ್ನನ್ನು ಎಳೆದುಕೊಂಡು ಹೋಗಿ ಆ ಕಬ್ಬಿಣದ ಮುಚ್ಚಳದ ಹತ್ತಿರ ಕೂರಿಸಿದ. ಗೇರು ಗಿಡಗಳ ನಡುವೆ ಕತ್ತಲು ಕೂಡುತ್ತಿತ್ತು. ಟಾಂಕಿಯಲ್ಲಿ ನೀರು ಬಿಟ್ಟ ಸದ್ದಾಯಿತು. ಕಿಂಡಿಯಿಂದ ತಣ್ಣನೆಯ ಉಸಿರು ಬಂದು ನನ್ನ ಕೆನ್ನೆಗೆ ತಾಗಿತು. ಊರಿನ ಎಲ್ಲ ಮನೆಗಳ ಗಾಳಿಯೂ ಅಲ್ಲೇ ಹೊರಡುತ್ತಿತ್ತು. ಆ ರಾಗವನ್ನು ಇಷ್ಟು ದೊಡ್ಡದಾಗಿ, ಇಷ್ಟು ಸ್ಪಷ್ಟವಾಗಿ ನಾನು ಬಾವಿಕಟ್ಟೆಯಲ್ಲೂ ಕೇಳಿರಲಿಲ್ಲ. ಮೊಮ್ಮಗ ಕಿಂಡಿಗೆ ಬಾಯಿಟ್ಟು ಜೊತೆಗೆ ಎಳೆದ. ರಾಗ ಕೆಳಗೆ ಇಳಿಯುವ ಕಡೆ ಇಬ್ಬರ ದನಿಯೂ ಒಟ್ಟಿಗೆ ಇಳಿಯಿತು. ಒಳಗೆ ಟಕ್ ಎಂದು ವಾಲ್ವ್ ಮುಚ್ಚಿಕೊಂಡಿತು.

"ದೊಡ್ಡಜ್ಜಿ ಮನಿಕಂತು" ಎಂದ ಅವನು, ಮಲಗಿದವರನ್ನು ತಟ್ಟುವ ಹಾಗೆ ಮುಚ್ಚಳವನ್ನು ಮೆಲ್ಲಗೆ ತಟ್ಟಿ.

ಆಮೇಲೆ ಎದ್ದು ಕೇರಿಯ ಕಡೆ ಇಳಿಜಾರಿನಲ್ಲಿ ಓಡಿದ, ನೀರು ಬಂತೂ, ನೀರು ಬಂತೂ ಎಂದು ಕೂಗುತ್ತ. ನಾನು ಮುಚ್ಚಳಕ್ಕೆ ಕೈ ಮುಗಿದು, ಸೀರೆ ಎತ್ತಿ ಹಿಡಿದು, ಅವನ ಹಿಂದೆಯೇ ಓಡಿದೆ.